ಬೆಂಚು ಪಿಚ್ಚರಿನ ಕೊನೆ

ಆ ಮನೆಯವರ ಬಾಯಲ್ಲಿ ಆ ಸಿನಿಮಾ ‘ಬೆಂಚು ಪಿಚ್ಚರ್’. ನಿಜವಾದ ಹೆಸರು ಶುರುವಿನಲ್ಲೇ ಪರದೆ ತುಂಬ ಕೆಂಪಗೆ ಬರುತ್ತಿತ್ತು. ಆದರೆ ಪುಟ್ಟ ಪುಟ್ಟ ಮನೆ ಕಟ್ಟಿ ಕಿಟಕಿ ಬಾಗಿಲು ಇಟ್ಟಂತಿದ್ದ ಆ ಚೀನೀ ಅಕ್ಷರಗಳನ್ನು ಓದಬಲ್ಲವರು ಮನೆಯಲ್ಲಿರಲಿ, ಇಡೀ ಬೀದಿಯಲ್ಲೇ ಇರಲಿಲ್ಲ. ಓದಲು ಬಾರದಿದ್ದರೇನಂತೆ, ಅದನ್ನು ಅವರಷ್ಟು ಸಲ ನೋಡಿದವರೂ ಯಾರೂ ಇರಲಿಲ್ಲ.

ಕತೆ ಬಹಳ ದೊಡ್ಡದೇನಲ್ಲ. ಬಾಯಿ ದೊಡ್ಡದು, ಕೈ ಸಣ್ಣದು ಅನ್ನುವಂಥ ಒಬ್ಬ ತರುಣ. ಹೋದಲ್ಲೆಲ್ಲ ಜಗಳ ತೆಗೆಯುತ್ತಾನೆ, ಹೋದಲ್ಲೆಲ್ಲ ಒದೆ ತಿನ್ನುತ್ತಾನೆ. ಒಂದು ಹೋಟೆಲಿನಲ್ಲಿ ನೀರು ಹೊರುವ ಮುದುಕನೊಬ್ಬ ಅವನಿಗೆ ಗಂಟು ಬೀಳುತ್ತಾನೆ. ಮುದುಕನ ಬಿಳಿ ಗಡ್ಡ ಒಂದು ಕಡೆ ಅಂಟು ಬಿಟ್ಟು ನೇತಾಡುತ್ತಿರುತ್ತದೆ. ಅವನು ತಲೆ ತಿರುಗಿಸಿದರೆ ಗಡ್ಡ ಆಮೇಲೆ ತಿರುಗುತ್ತದೆ. ಕುಸ್ತಿ ವಿದ್ಯೆ ಕಲಿಸುತ್ತೇನೆಂದು ಅವನು ಈ ಬಡಪಾಯಿಯಿಂದ ನೀರು ಹೊರಿಸುತ್ತಾನೆ, ಪಾತ್ರೆ ತಿಕ್ಕಿಸುತ್ತಾನೆ, ಉದ್ದನೆಯ ಮರದ ಬೆಂಚಿನ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ ತಾನು ಪಕ್ಕದಲ್ಲೇ ಗೊರಕೆ ಹೊಡೆಯುತ್ತಾನೆ. ಕೊನೆಗೆ ಕರಿ ನಿಲುವಂಗಿಯ ಖಳ ಬರುತ್ತಾನೆ. ತರುಣ ಆ ಬೆಂಚನ್ನೇ ಎತ್ತಿಕೊಳ್ಳುತ್ತಾನೆ. ಆಮೇಲಿನದನ್ನು ಬಾಯಲ್ಲಿ ಹೇಳಿದರೆ ಕೆಟ್ಟುಹೋಗುತ್ತದೆ. ಬೆಂಚು ಗುರಾಣಿ ಆಗುತ್ತದೆ, ಏಣಿ ಆಗುತ್ತದೆ, ಕುದುರೆ ಆಗುತ್ತದೆ. ಖಳನ ಕುತ್ತಿಗೆ ಅದರ ಕಾಲುಗಳ ನಡುವೆ ಸಿಕ್ಕಿಕೊಂಡಾಗ ತರುಣ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾನೆ. ಆಮೇಲೆ ಕಡೆಯ ಏಟು. ಖಳ ಮೇಲಕ್ಕೆ ಹಾರುತ್ತಾನೆ, ನೆಲ ಮುಟ್ಟುವುದರೊಳಗೆ ಚಿತ್ರ ಗಾಳಿಯಲ್ಲೇ ನಿಂತುಬಿಡುತ್ತದೆ. ಮೇಲೆ ಇನ್ನೊಂದಷ್ಟು ಪುಟ್ಟ ಮನೆಗಳು. ಅಷ್ಟೇ.

ಈ ‘ಅಷ್ಟೇ’ಯನ್ನು ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಊಟಕ್ಕೆ ಕೂರಿಸಿ, ಕಡೆಯ ತುತ್ತು ನುಂಗುವ ಮೊದಲೇ ಎಬ್ಬಿಸಿ ಕಳಿಸಿದ ಹಾಗಿತ್ತು. ಗೆದ್ದವನು ನಗಲಿಲ್ಲ, ಸೋತವನು ಬೀಳಲಿಲ್ಲ, ಮುದುಕ ಗಡ್ಡ ಸರಿ ಮಾಡಿಕೊಳ್ಳಲಿಲ್ಲ. ವೀಡಿಯೋ ಕ್ಯಾಸೆಟ್ಟಿನಲ್ಲಿ ಅಲ್ಲಿಂದಾಚೆಗೆ ಟೀವಿ ತುಂಬ ಇರುವೆ ಓಡಾಡುತ್ತಿದ್ದವು. ಆದ್ದರಿಂದ ಕ್ಯಾಸೆಟ್ಟು ತುಂಡಾಗಿದೆ, ಯಾರೋ ಪಾಪಿ ಕೊನೆಯ ತುಣುಕನ್ನು ಅಳಿಸಿದ್ದಾನೆ ಎಂದು ತೀರ್ಮಾನವಾಗಿತ್ತು.

ಅಳಿಸಿಹೋದ ಕೊನೆ ಏನೆಂದು ಗೊತ್ತಿದ್ದವನು ಒಬ್ಬನೇ: ಅಪ್ಪ. ಅಪ್ಪ ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿದ್ದವನು. ಟಾಕೀಸು ಮುಚ್ಚಿ ಅದನ್ನು ಟೈಲ್ಸಿನ ಗೋದಾಮು ಮಾಡಿ ಬಹಳ ಕಾಲವಾಗಿತ್ತು. ಆದರೂ ಬೀದಿಯಲ್ಲಿ ಇವತ್ತಿಗೂ ಅವನ ಹೆಸರು ‘ಟಾರ್ಚು’. ಬೆಂಚು ಪಿಚ್ಚರ್ ಅಲ್ಲಿ ವಾರಗಟ್ಟಲೆ ಓಡಿತ್ತು. ಅಪ್ಪ ಹೇಳುತ್ತಿದ್ದ ಕೊನೆ ಹೀಗೆ: ಖಳ ದೊಪ್ಪನೆ ಬೀಳುತ್ತಾನೆ. ತರುಣ ಸುತ್ತ ನೋಡುತ್ತಾನೆ, ಯಾರೂ ಇಲ್ಲ. ಕೈಯಲ್ಲಿ ಬೆಂಚು. ಅದು ಹೋಟೆಲಿನವನದು, ವಾಪಸ್ಸು ಇಡಬೇಕು. ಎತ್ತಲು ಹೋದರೆ ಆಗುತ್ತಿಲ್ಲ, ಹೊಡೆದು ಹೊಡೆದು ಕೈ ಸೋತಿದೆ. ಎತ್ತಿದರೂ ಒಂದು ತುದಿ ನೆಲಕ್ಕೆ ಎಳೆಯುತ್ತದೆ. ಬಿದ್ದಲ್ಲಿಂದ ಖಳ ಇದನ್ನು ಸ್ವಲ್ಪ ಹೊತ್ತು ನೋಡುತ್ತಾನೆ. ಆಮೇಲೆ ಎದ್ದು, ನಿಲುವಂಗಿ ಕೊಡವಿಕೊಂಡು, ಇನ್ನೊಂದು ತುದಿ ಹಿಡಿಯುತ್ತಾನೆ. ಇಬ್ಬರೂ ಮಾತಿಲ್ಲದೆ ಬೆಂಚು ಹೊತ್ತು ನಡೆಯುತ್ತಾರೆ. ಹೋಟೆಲಿನ ಬಾಗಿಲಲ್ಲಿ ಬೆಂಚು ಅಡ್ಡ ಸಿಕ್ಕಿಕೊಳ್ಳುತ್ತದೆ. ಒಬ್ಬ ‘ಎಡಕ್ಕೆ’ ಅನ್ನುತ್ತಾನೆ. ಎದುರು ಬದುರು ನಿಂತವರು. ಇವನ ಎಡ ಅವನ ಬಲ. ಇಬ್ಬರೂ ತಂತಮ್ಮ ಎಡಕ್ಕೆ ತಿರುಗಿ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತಾರೆ. ಒಳಗಿನಿಂದ ಮುದುಕ ಬಂದು ನೋಡುತ್ತಾನೆ, ತಲೆ ಚಚ್ಚಿಕೊಳ್ಳುತ್ತಾನೆ, ಗಡ್ಡ ಕಳಚಿ ಬೀಳುತ್ತದೆ. ಅಲ್ಲಿಗೆ ಶುಭಂ.

ಅಪ್ಪ ಎರಡೂ ತುದಿಯನ್ನು ತಾನೇ ಆಡಿ ತೋರಿಸುತ್ತಿದ್ದ. ಮಗ ಅದನ್ನು ಕೇಳಿಕೊಂಡೇ ಬೆಳೆದ. ಕ್ಯಾಸೆಟ್ಟಿನಲ್ಲಿದ್ದ ಸಿನಿಮಾಕ್ಕಿಂತ ಇಲ್ಲದ ಆ ಭಾಗವೇ ಅವನ ಕಣ್ಣಲ್ಲಿ ಚೆನ್ನಾಗಿ ಕೂತಿತ್ತು.

ಮಗನಿಗೂ ಒಂದು ಅಡ್ಡಹೆಸರಿದೆ: ಸೈಲೆನ್ಸರ್. ಗ್ಯಾರೇಜಿನಲ್ಲಿ ಇಟ್ಟ ಹೆಸರು. ಓಡಿ ಬಂದು ನಿಂತ ಬೈಕಿನ ಸೈಲೆನ್ಸರಿಗೆ ಕಾಲು ತಾಗಿದರೆ ಏನಾಗುತ್ತದೆ ಎಂಬುದು ಗೊತ್ತಿರುವವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಮೇಷ್ಟರ ಕೈಯಿಂದ ಕೋಲು ಕಿತ್ತು ಮುರಿದು ಸ್ಕೂಲು ಬಿಟ್ಟವನು. ಸಮಾಧಾನ ತಂದುಕೋ ಎಂದು ಅವನಿಗೆ ಹೇಳದವರಿಲ್ಲ. ಹೇಳುವುದು ಸುಲಭ, ಹಾಗೆ ಹೇಳುವವರ ಕಾಲಿನ ಮೇಲೆ ಯಾರೂ ನಿಂತಿರುವುದಿಲ್ಲ. ತನ್ನ ಕಾಲ ಮೇಲೆ ಮಾತ್ರ ಊರೆಲ್ಲ ನಿಂತಿದೆ ಎಂಬುದು ಅವನ ಅನಿಸಿಕೆ, ಅದು ಪೂರ್ತಿ ಸುಳ್ಳೇನೂ ಅಲ್ಲ.

ಗ್ಯಾರೇಜು ಭಾವನದು, ಅಂದರೆ ಅಕ್ಕನ ಗಂಡನದು. ಸ್ಕೂಲು ಬಿಟ್ಟ ವಾರದಲ್ಲೇ ಭಾವ ಇವನ ಕೈಗೆ ಸ್ಪ್ಯಾನರ್ ಕೊಟ್ಟಿದ್ದ. ಬೈಕು ಬಿಚ್ಚುವುದನ್ನು ಕಲಿಸಿದ, ಕೂಡಿಸುವುದನ್ನೂ ಕಲಿಸಿದ. ಭಾವನೂ ಬೆಂಚು ಪಿಚ್ಚರಿನ ಭಕ್ತನೇ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಗ್ಯಾರೇಜಿನ ಉದ್ದನೆಯ ಕೆಲಸದ ಬೆಂಚಿನ ಮೇಲೆ ಒಂಟಿ ಕಾಲಲ್ಲಿ ನಿಂತು, ಗ್ರೀಸಿನ ಬಟ್ಟೆಯನ್ನೇ ಗಡ್ಡ ಮಾಡಿಕೊಂಡು ನಗಿಸುತ್ತಿದ್ದ. ಒಂದೇ ವಿಷಯಕ್ಕೆ ಇಬ್ಬರಿಗೂ ಜಟಾಪಟಿ. ಆ ಬೆಂಚು ಹೊರುವ ಕೊನೆ ಸುಳ್ಳು, ಮಾವ ಕಟ್ಟಿದ್ದು ಎಂದು ಭಾವ. ನಿಜ, ಅಪ್ಪ ಕಣ್ಣಾರೆ ಕಂಡದ್ದು ಎಂದು ಇವನು. ಇಷ್ಟು ವರ್ಷ ಅದು ತಮಾಷೆಯ ಜಗಳವಾಗಿತ್ತು.

ತಮಾಷೆ ಕೆಟ್ಟದ್ದು ಒಬ್ಬ ಗಿರಾಕಿಯಿಂದ. ಸರ್ವಿಸಿಗೆ ಬಿಟ್ಟಿದ್ದ ಬೈಕಿನ ಟ್ಯಾಂಕಿನ ಮೇಲೆ ಗೀರು ಬಿದ್ದಿದೆ, ನಿಮ್ಮ ಹುಡುಗನೇ ಮಾಡಿದ್ದು ಎಂದು ಅವನು ರಂಪ ಮಾಡಿದ. ಬರುವಾಗಲೇ ಇತ್ತು ಎಂದು ಸೈಲೆನ್ಸರ್. ಭಾವನಿಗೆ ಬೇಕಾಗಿದ್ದದ್ದು ಗಿರಾಕಿ ತೊಲಗುವುದು; ಒಂದು ‘ಸಾರಿ’ ಅಂದು ಮುಗಿಸು ಮಾರಾಯ ಎಂದ. ಮಾಡದ್ದಕ್ಕೆ ನಾನ್ಯಾಕೆ ಹೇಳಲಿ ಎಂದು ಇವನು ಕೈ ಕಟ್ಟಿ ನಿಂತ. ಆಗ ಭಾವ ಗಿರಾಕಿಯ ಕಡೆ ನೋಡಿ ನಕ್ಕು ಹೇಳಿದ:

“ತಲೆ ಕೆಡಿಸ್ಕೋಬೇಡಿ ಸಾರ್. ಇದು ಇವರ ಮನೆತನದ ಕಸುಬು. ಇವರಪ್ಪ ಇಲ್ಲದ ಕ್ಲೈಮ್ಯಾಕ್ಸ್ ಕಟ್ತಾರೆ, ಇವನು ಹಳೇ ಗೀರು ಕಟ್ತಾನೆ.”

ಗಿರಾಕಿಯೂ ನಕ್ಕ. ಆ ನಗು ಮುಗಿಯುವುದರೊಳಗೆ ಸೈಲೆನ್ಸರ್ ಭಾವನ ಎದೆಗೆ ಕೈ ಕೊಟ್ಟು ತಳ್ಳಿದ್ದ. ಭಾವ ಹಿಂದಕ್ಕೆ ಹೋಗಿ ಕೆಲಸದ ಬೆಂಚಿನ ಮೇಲೆ ಬಿದ್ದ. ಬೆಂಚಿನ ಕಾಲು ಮುರಿಯಿತು, ಭಾವನ ಮಣಿಕಟ್ಟು ಉಳುಕಿತು. ಇವನು ಕೈ ತೊಳೆಯದೆ, ಬಟ್ಟೆ ಬದಲಾಯಿಸದೆ ಮನೆಗೆ ನಡೆದುಬಿಟ್ಟ.

ಅಂದಿನಿಂದ ಮಾತಿಲ್ಲ. ಭಾವ ಕರೆಯಲಿಲ್ಲ, ಇವನು ಹೋಗಲಿಲ್ಲ. ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಅಕ್ಕ ಬರುವುದು ಬಿಟ್ಟಳು. ಅಮ್ಮ ಫೋನಿನಲ್ಲಿ ಅವಳೊಂದಿಗೆ ಮಾತಾಡುವಾಗ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಬಂದಾಗ ಮೂಗು ಕೆಂಪಗಿರುತ್ತಿತ್ತು. ಹೋಗಿ ಒಂದು ಮಾತು ಆಡಿ ಬಾ ಎಂದು ಅವಳು ಮಗನಿಗೆ ಹೇಳದ ದಿನವಿಲ್ಲ. ಅವನ ಉತ್ತರವೂ ಒಂದೇ: ಪೂರ್ತಿ ಪ್ರಿಂಟ್ ಸಿಗಲಿ. ಸಿಕ್ಕ ದಿನ ಭಾವನ ಮನೆ ಟೀವಿಯಲ್ಲೇ ಹಾಕಿ ಬೆಂಚು ತೋರಿಸುತ್ತೇನೆ, ಆ ಕೊನೆ ನಿಜ ಎಂದು ಅವರ ಬಾಯಲ್ಲೇ ಹೇಳಿಸುತ್ತೇನೆ, ಆಮೇಲೆ ಗ್ಯಾರೇಜಿಗೆ ಕಾಲಿಡುತ್ತೇನೆ. ಇಲ್ಲದಿದ್ದರೆ ಇಲ್ಲ. ಸಿನಿಮಾಕ್ಕೂ ಬೈಕಿನ ಗೀರಿಗೂ ಎತ್ತಣ ಸಂಬಂಧ ಎಂದು ಅಮ್ಮನಿಗೆ ತಿಳಿಯಲಿಲ್ಲ. ಅಪ್ಪನಿಗಂತೂ ಗೊತ್ತೇ ಇರಲಿಲ್ಲ. ಜಗಳದಲ್ಲಿ ಅಪ್ಪನ ಹೆಸರು ಬಂದದ್ದನ್ನು ಮಗ ಯಾರಿಗೂ ಹೇಳಿರಲಿಲ್ಲ.

ಪ್ರಿಂಟ್ ತಂದುಕೊಟ್ಟವನು ಕ್ಯಾಸೆಟ್ಟಣ್ಣ. ಹಿಂದೆ ವೀಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ, ಈಗ ಅದೇ ಗೂಡಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಾನೆ. ಆ ಮೂಲ ಕ್ಯಾಸೆಟ್ಟು ಅವನದೇ. ವಾಪಸ್ಸು ಕೇಳಿ ಕೇಳಿ ಸೋತು ಮನೆಯವರಿಗೇ ಬಿಟ್ಟಿದ್ದ. ಎಲ್ಲೋ ಯಾರೋ ಪುಣ್ಯಾತ್ಮರು ಹಳೇ ರೀಲು ಹುಡುಕಿ, ತೊಳೆದು ಬಳಿದು ಹೊಸದು ಮಾಡಿದ್ದಾರೆ, ಒಂದು ಚೂರೂ ಬಿಟ್ಟಿಲ್ಲ ಎಂದು ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟ. ಮೊದಲು ತಾನೊಬ್ಬನೇ ನೋಡಬೇಕೆಂದು ಸೈಲೆನ್ಸರ್‌ಗೆ ಅನ್ನಿಸದಿರಲಿಲ್ಲ. ಆದರೆ ಅಪ್ಪನನ್ನು ಬಿಟ್ಟು ಬೆಂಚು ಪಿಚ್ಚರ್ ನೋಡುವುದೆಂದರೆ ಅಪ್ಪನ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. ಭಾನುವಾರ ಮಧ್ಯಾಹ್ನ ಮೂವರೂ ಕೂತರು.

ಅಪ್ಪ ಒಗೆದ ಅಂಗಿ ಹಾಕಿಕೊಂಡು, ಟಾರ್ಚನ್ನು ಪಕ್ಕದಲ್ಲಿಟ್ಟುಕೊಂಡು ಕೂತ. ಹಾಡುಹಗಲಲ್ಲಿ ಅದು ಯಾಕೆ ಎಂದು ಅಮ್ಮ ಕೇಳಲಿಲ್ಲ. ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮೊದಲ ದೃಶ್ಯಕ್ಕೇ ಮೂವರ ಬಾಯಿ ಕಟ್ಟಿತು. ಆಕಾಶ ನೀಲಿಯಾಗಿತ್ತು. ಕ್ಯಾಸೆಟ್ಟು ಸವೆದು ಸವೆದು ಕಂದು ಬಣ್ಣಕ್ಕೆ ತಿರುಗಿದ್ದರಿಂದ ಅವರ ಪಾಲಿಗೆ ಆ ಸಿನಿಮಾದಲ್ಲಿ ಯಾವಾಗಲೂ ಸಂಜೆಯೇ. ಇಡೀ ಕತೆ ನಡೆಯುವುದು ಸುಡು ಬಿಸಿಲಲ್ಲಿ ಎಂದು ಈಗ ಗೊತ್ತಾಯಿತು. ಪಾಪ, ಆ ಬಿಸಿಲಲ್ಲಿ ಅಂಥ ಗಡ್ಡ ಅಂಟಿಸಿಕೊಂಡರೆ ಅಂಟು ಕರಗದೆ ಇರುತ್ತದೆಯೇ ಎಂದು ಅಮ್ಮ ಮುದುಕನ ಪರ ವಹಿಸಿದಳು.

ಹೊಸ ಪ್ರಿಂಟಿನಲ್ಲಿ ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರೆದು ಬರುತ್ತಿತ್ತು. ಅಪ್ಪನಿಗೆ ಅದು ಹಿಡಿಸಲಿಲ್ಲ. ಆ ಸಿನಿಮಾದ ಮಾತು ಯಾರಿಗೂ ಅರ್ಥವಾಗದ ಕಾರಣ ಮೊದಲಿನಿಂದಲೂ ಎಲ್ಲರಿಗೂ ಮಾತು ಕೊಡುತ್ತಿದ್ದವನು ಅಪ್ಪನೇ. ಖಳ ಬಾಯಿ ತೆರೆದರೆ ಅಪ್ಪ ಕೂತಲ್ಲಿಂದ, “ಬಾಡಿಗೆ ಕೊಟ್ಟು ಎಷ್ಟು ತಿಂಗಳಾಯ್ತು?” ಅನ್ನಬೇಕು, ಮುದುಕ ಎದ್ದು ಓಡಬೇಕು. ಈಗ ನೋಡಿದರೆ ಕೆಳಗೆ ಬೇರೇನೋ ಬರೆದಿದೆ. ಅಪ್ಪ ಎದ್ದು ಟೀವಿಯ ಕೆಳಭಾಗಕ್ಕೆ ಒಂದು ಟವೆಲ್ ಇಳಿಬಿಟ್ಟ. ಅಕ್ಷರದ ಜೊತೆ ಎಲ್ಲರ ಕಾಲೂ ಮುಚ್ಚಿಹೋಯಿತು.

“ಕುಂಗ್‌ಫೂ ಇರೋದೇ ಕಾಲಲ್ಲಿ, ಅದನ್ನೇ ಮುಚ್ಚಿದ್ರೆ ಇನ್ನೇನು ಅವರ ಮುಖ ನೋಡ್ಲಾ?” ಎಂದಳು ಅಮ್ಮ.

ಟವೆಲ್ ಹೋಯಿತು. ಅಪ್ಪ ಇನ್ನಷ್ಟು ಗಟ್ಟಿಯಾಗಿ ಮಾತು ಕೊಡತೊಡಗಿದ.

ಸೈಲೆನ್ಸರ್ ನಗುತ್ತಿದ್ದ. ಬಹಳ ದಿನದ ಮೇಲೆ ಆ ಮನೆಯಲ್ಲಿ ಅವನ ನಗು ಕೇಳಿಸಿತು. ಟೀವಿಯಲ್ಲಿ ಎಲ್ಲ ಹಳೇ ನೆಂಟರೂ ಬಂದರು. ಖಳನ ಚೇಲಾ ಕೈ ಎತ್ತಿದಾಗ ತೋಳಿನೊಳಗೆ ವಾಚು ಮಿಂಚಿತು. ಕತ್ತಿಯ ಕಾಲದಲ್ಲಿ ಕೈಗಡಿಯಾರ. ‘ಸಾಯೋ ಮಾಮ’ ಬಂದ. ಅವನೊಬ್ಬ ಗುಂಡು ಮುಖದ ಪೋಷಕ ನಟ. ಮೊದಲ ಹೊಡೆದಾಟದಲ್ಲಿ ಕಳ್ಳನಾಗಿ ಸಾಯುತ್ತಾನೆ, ಆಮೇಲೆ ಕಾವಲುಗಾರನಾಗಿ ಸಾಯುತ್ತಾನೆ, ಕೊನೆಗೆ ಸನ್ಯಾಸಿಯಾಗಿ ಬಂದು ಇನ್ನೊಮ್ಮೆ ಸಾಯುತ್ತಾನೆ. ಅವನು ಸತ್ತಾಗಲೆಲ್ಲ ಮೂವರೂ ಕೈ ಮುಗಿಯುವುದು ಆ ಮನೆಯ ಪದ್ಧತಿ. ಪ್ರತಿ ಏಟಿಗೂ ಒಗೆದ ಬಟ್ಟೆ ಕೊಡವಿದಂಥ ‘ಫಟಾರ್’ ಸದ್ದು. ಏಟು ಬೀಳದಿದ್ದರೂ ಸದ್ದು ಬೀಳುತ್ತದೆ. ಸದ್ದು ಈ ಸಲ ಎಷ್ಟು ಚೊಕ್ಕವಾಗಿತ್ತೆಂದರೆ ಎದುರು ಮನೆಯ ಅಜ್ಜಿ ಕಿಟಕಿಯಲ್ಲಿ ತಲೆ ಹಾಕಿ, ಇವನು ಇನ್ಯಾರಿಗಾದರೂ ಹೊಡೆಯುತ್ತಿದ್ದಾನೋ ಎಂದು ನೋಡಿ ಹೋದಳು. ಅದನ್ನು ಕಂಡ ಅಮ್ಮನ ಮುಖ ಒಂದು ಗಳಿಗೆ ಸಣ್ಣದಾಯಿತು.

ಕರಿ ನಿಲುವಂಗಿಯ ಖಳ ಅಂಗಳಕ್ಕೆ ಇಳಿದ. ತರುಣ ಬೆಂಚಿಗೆ ಕೈ ಹಾಕಿದ. ಸೈಲೆನ್ಸರ್ ಮುಂದಕ್ಕೆ ಜರುಗಿ ಕೂತ. ಇನ್ನೊಂದೇ ಹೊಡೆದಾಟ, ಆಮೇಲೆ ಖಳ ಬೀಳುತ್ತಾನೆ, ಆಮೇಲೆ ಎದ್ದು ಬೆಂಚಿನ ತುದಿ ಹಿಡಿಯುತ್ತಾನೆ. ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಭಾವನ ಮನೆಯ ಮೆಟ್ಟಿಲು ಹತ್ತುವುದನ್ನು, ಅಕ್ಕ ಬಾಗಿಲು ತೆಗೆಯುವುದನ್ನು ಅವನು ಆಗಲೇ ಕಾಣುತ್ತಿದ್ದ.

ಅಷ್ಟರಲ್ಲಿ ಅಪ್ಪ ಎದ್ದ. ಟಾರ್ಚು ತೆಗೆದುಕೊಂಡ, ಗೋಡೆಯಂಚಿಗೆ ಬಗ್ಗಿ ಯಾರ ಕಣ್ಣಿಗೂ ಅಡ್ಡವಾಗದಂತೆ ನಡೆದುಹೋಗಿ, ಬೀದಿ ಬಾಗಿಲ ಚಿಲಕ ತೆಗೆದು, ಎರಡೂ ಕದ ಹಾರು ಹೊಡೆದು, ಬಾಗಿಲ ಪರದೆಯನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿದ. ಯಾವ ಸಿನಿಮಾದ ಕ್ಲೈಮ್ಯಾಕ್ಸ್ ಬಂದರೂ ಅಪ್ಪ ಹೀಗೆ ಎದ್ದು ಬಾಗಿಲು ತೆಗೆಯುತ್ತಾನೆ. ವರ್ಷಗಳ ಅಭ್ಯಾಸ, ಕಾಲು ತಾನಾಗಿ ಏಳುತ್ತದೆ. ಮನೆಯಲ್ಲಿರುವ ಮೂರು ಜನರಲ್ಲಿ ಈಗ ಯಾರು ಆಚೆ ಹೋಗಬೇಕಂತೆ ಎಂದು ಅಮ್ಮ ಗೊಣಗಿದಳು, ಎಂದಿನಂತೆ. ಬಿಸಿಲು ಒಳಗೆ ನುಗ್ಗಿ ಟೀವಿ ಮಸುಕಾಯಿತು. ಸೈಲೆನ್ಸರ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

ಕಡೆಯ ಏಟು. ಖಳ ಹಾರಿದ. ನಿಂತ.

ಗಾಳಿಯಲ್ಲೇ ನಿಂತ. ಪುಟ್ಟ ಮನೆಗಳು ಮೂಡಿದವು. ಹೆಸರುಗಳು ಒಂದೊಂದಾಗಿ ಮೇಲೆ ಹೋದವು. ಪರದೆ ಕಪ್ಪಾಯಿತು. ಕೆಳಗಿನ ಬಿಳಿ ಗೆರೆ ಕೊನೆ ಮುಟ್ಟಿ, ಟೀವಿ ತಾನಾಗಿ ಮೊದಲಿನ ಪಟ್ಟಿಗೆ ಮರಳಿತು. ಈ ಸಲ ಇರುವೆಗಳೂ ಇರಲಿಲ್ಲ, ಅನುಮಾನ ಪಡುವುದಕ್ಕೆ.

ಸೈಲೆನ್ಸರ್ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದ. ಖಳ ಇನ್ನೊಮ್ಮೆ ಹಾರಿದ, ಇನ್ನೊಮ್ಮೆ ನಿಂತ. ಸಿನಿಮಾದ ಕೊನೆಯೇ ಅದು. ಯಾವ ಪಾಪಿಯೂ ಏನನ್ನೂ ಅಳಿಸಿರಲಿಲ್ಲ.

“ಅಪ್ಪ, ಬೆಂಚು ಎಲ್ಲಿ?”

ಬಾಗಿಲಲ್ಲಿ ನಿಂತ ಅಪ್ಪ ತಿರುಗಿದ. “ಯಾವ ಬೆಂಚು?”

“ವಾಪಸ್ಸು ಇಡೋದು. ಇಬ್ಬರೂ ಹೊತ್ಕೊಂಡು ಹೋಗೋದು.”

“ಇಲ್ವಾ?” ಅಪ್ಪನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಹಂಗೇ ಬಿಟ್ಬಿಟ್ರಾ?”

“ನೀನೇ ನೋಡಿದ್ದೆ ಅಂದಿದ್ದೆಯಲ್ಲ.”

“ನಾನೆಲ್ಲೋ ನೋಡ್ಲಿ. ನಾನು ಬಾಗಿಲು ತೆಗೀತಿದ್ದೆ.”

ಅಪ್ಪ ಹೇಳಿದ್ದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಕಡೆಯ ಹೊಡೆದಾಟ ಶುರುವಾಯಿತೋ ಗೇಟ್‌ಕೀಪರ್ ಹೊರಗೆ ಹೋಗಲೇಬೇಕು; ಬಾಗಿಲು ತೆಗೆಯುವುದು ತಡವಾದರೆ ಜನ ಮುಗಿಬೀಳುತ್ತಾರೆ, ಮಾಲೀಕ ಬಾಯಿಗೆ ಬಂದಂತೆ ಬೈಯುತ್ತಾನೆ. ಜೀವಮಾನವೆಲ್ಲ ಟಾಕೀಸಿನಲ್ಲಿದ್ದು ಅಪ್ಪ ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ಬಾಗಿಲ ಪರದೆಯಾಚೆ ನಿಂತು ಫಟಾರ್ ಸದ್ದು ಕೇಳುತ್ತಿದ್ದ, ಆಮೇಲೆ ಹೊರಗೆ ಬರುವವರ ಮುಖ ನೋಡುತ್ತಿದ್ದ, ಮಿಕ್ಕದ್ದನ್ನು ತಾನೇ ಊಹಿಸಿಕೊಳ್ಳುತ್ತಿದ್ದ. ಬೆಂಚಿನದು ಊಹೆಯೂ ಅಲ್ಲವಂತೆ. ಟಾಕೀಸಿನ ಮುಂದಿನ ಸಾಲಿಗೆ ಇದ್ದದ್ದು ಬೆಂಚು; ಪ್ರತಿ ಆಟಕ್ಕೂ ಜನ ಅವನ್ನು ಎಳೆದಾಡಿ ದಿಕ್ಕು ತಪ್ಪಿಸಿರುತ್ತಿದ್ದರು. ಗುಡಿಸುವ ಮೊದಲು ಅಪ್ಪನೂ ಪ್ರೊಜೆಕ್ಟರ್ ಆಪರೇಟರೂ ಅವನ್ನು ಹೊತ್ತು ಸಾಲಿಗೆ ಇಡಬೇಕು. ಅವರಿಬ್ಬರಿಗೂ ಮಾತಿರಲಿಲ್ಲ.

“ಯಾಕೆ ಮಾತಿರಲಿಲ್ಲ?” ಎಂದ ಮಗ.

ಅಪ್ಪ ಯೋಚಿಸಿದ. ನೆನಪಾಗಲಿಲ್ಲ. “ಏನೋ ಇತ್ತು. ದೊಡ್ಡದೇ ಇತ್ತು. ಆದ್ರೆ ಬೆಂಚು ಉದ್ದ ಇತ್ತಲ್ಲೋ, ಒಬ್ಬನ ಕೈಲಿ ಆಗ್ತಿರಲಿಲ್ಲ.”

ಸೈಲೆನ್ಸರ್‌ಗೆ ಮೊದಲು ಬಂದದ್ದು ಸಿಟ್ಟೇ. ಅಷ್ಟು ದಿನ ಎದೆಯುಬ್ಬಿಸಿ ಕಾದಾಡಿದ್ದು, ಅಕ್ಕನನ್ನು ಕಳೆದುಕೊಂಡು ಕೂತದ್ದು, ಎಲ್ಲ ಇಲ್ಲದ ಒಂದು ತುಣುಕಿಗೆ. ಕೈಯಲ್ಲಿದ್ದ ರಿಮೋಟನ್ನು ಗೋಡೆಗೆ ಎಸೆಯಬೇಕೆನಿಸಿತು. ಅಪ್ಪನನ್ನು ನೋಡಿದ. ಅಪ್ಪ ತನ್ನ ಬೆಂಚು ಆ ಸಿನಿಮಾದಲ್ಲಿ ಇಲ್ಲದ್ದಕ್ಕೆ, ಕಾಯ್ದಿರಿಸಿದ ಸೀಟಿನಲ್ಲಿ ಬೇರೆ ಯಾರೋ ಕೂತಿರುವುದನ್ನು ಕಂಡವನ ಹಾಗೆ ನಿಂತಿದ್ದ. ಎಸೆಯಲಾಗಲಿಲ್ಲ. ರಿಮೋಟನ್ನು ಟೀವಿಯ ಪಕ್ಕದಲ್ಲಿಟ್ಟು, ಗ್ಯಾರೇಜಿನಲ್ಲಿ ಅಂದು ಭಾವ ಏನು ಹೇಳಿದ, ತಾನು ಯಾಕೆ ಕೈ ಮಾಡಿದೆ ಎಂಬುದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ.

ಅಪ್ಪ ಟಾರ್ಚನ್ನು ಹಾಕಿದ, ಆರಿಸಿದ. ಹಗಲಲ್ಲಿ ಅದರ ಬೆಳಕು ಕಾಣಿಸಲೂ ಇಲ್ಲ.

“ಅವನು ಹೇಳಿದ್ದು ನಿಜ ಆಯ್ತಲ್ಲೋ” ಎಂದ ನಿಧಾನವಾಗಿ. ಆಮೇಲೆ, “ಆದ್ರೂ ಗಿರಾಕಿ ಮುಂದೆ ಹೇಳ್ಬಾರದಿತ್ತು” ಎಂದ.

ಅಮ್ಮ ಮಗನ ಚಪ್ಪಲಿಯನ್ನು ಕಾಲಿನಿಂದಲೇ ಹೊಸಿಲ ಹತ್ತಿರ ತಳ್ಳಿದಳು. ಅಪ್ಪ ಬಾಗಿಲ ಪಕ್ಕಕ್ಕೆ ಸರಿದು ನಿಂತು, ಟಾರ್ಚಿನಲ್ಲಿ ಬೀದಿಯ ಕಡೆ ತೋರಿಸುತ್ತ, ಟಾಕೀಸಿನಲ್ಲಿ ಜನರಿಗೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದ:

“ಆಟ ಮುಗೀತು. ಈ ಕಡೆಯಿಂದ, ಈ ಕಡೆಯಿಂದ. ನಿಧಾನ, ಮೆಟ್ಟಿಲಿದೆ.”

ಭಾನುವಾರ ಗ್ಯಾರೇಜಿನ ಷಟರ್ ಅರ್ಧ ಇಳಿದಿರುತ್ತದೆ. ಸೈಲೆನ್ಸರ್ ಬಗ್ಗಿ ಒಳಗೆ ಹೋದ. ಭಾವ ಒಂದು ಕೈಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ಕೈಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೆಲಸದ ಬೆಂಚು ಅಂದಿನಂತೆಯೇ ಒಂದು ಕಾಲು ಮುರಿದುಕೊಂಡು, ಇಟ್ಟಿಗೆಗಳ ಮೇಲೆ ಮೈಭಾರ ಬಿಟ್ಟು ಕೂತಿತ್ತು. ಅದರ ಮೇಲಿಟ್ಟ ನಟ್ಟು ಬೋಲ್ಟುಗಳೆಲ್ಲ ಇಳಿಜಾರಿಗೆ ಉರುಳಿ ಒಂದೇ ಮೂಲೆಗೆ ಸೇರಿದ್ದವು. ಇಷ್ಟು ದಿನವಾದರೂ ಯಾಕೆ ಸರಿ ಮಾಡಿಸಿಲ್ಲ ಎಂದು ಅವನಿಗೆ ಅನ್ನಿಸಿತು. ಆಮೇಲೆ, ಒಂದು ಕೈಯಲ್ಲಿ ಹೇಗೆ ಮಾಡಿಸುತ್ತಾರೆ ಎಂದೂ ಅನ್ನಿಸಿತು.

ಭಾವ ತಲೆ ಎತ್ತಲಿಲ್ಲ. “ಏನು ಸೈಲೆನ್ಸರು, ತಣ್ಣಗಾಯ್ತಾ?”

ಬೇರೆ ದಿನವಾಗಿದ್ದರೆ ಅಷ್ಟೇ ಸಾಕಿತ್ತು, ಬಂದ ದಾರಿ ಹಿಡಿಯುವುದಕ್ಕೆ. ಇವನು ನಿಂತ. ಹೇಳಬೇಕಾಗಿದ್ದದ್ದು ಸೋಲೊಪ್ಪುವ ಮಾತು. ಹುಟ್ಟಿದಾಗಿನಿಂದ ಯಾರೆದುರಿಗೂ ಹೇಳಿ ಅಭ್ಯಾಸವಿಲ್ಲದ ಮಾತು.

“ಪ್ರಿಂಟ್ ಸಿಕ್ತು ಭಾವ. ಪೂರ್ತಿ.”

ಭಾವನ ಕೈ ನಿಂತಿತು.

“ಬೆಂಚು ಇಲ್ಲ. ನೀವು ಹೇಳಿದ್ದೇ ಸರಿ.”

ಭಾವ ಗೆದ್ದವನಂತೆ ನಗುತ್ತಾನೆ, ನಕ್ಕರೆ ಏನು ಮಾಡಬೇಕು ಎಂದು ದಾರಿಯುದ್ದಕ್ಕೂ ಇವನು ಯೋಚಿಸಿಕೊಂಡು ಬಂದಿದ್ದ. ಏನೂ ಮಾಡಕೂಡದು, ಕೈ ಜೇಬಲ್ಲಿಟ್ಟುಕೊಳ್ಳಬೇಕು ಎಂದು ತೀರ್ಮಾನಿಸಿದ್ದ. ಜೇಬಲ್ಲೇ ಇಟ್ಟುಕೊಂಡಿದ್ದ. ಆದರೆ ಭಾವ ನಗಲಿಲ್ಲ. ಎಣ್ಣೆಯ ಡಬ್ಬಿ ಕೆಳಗಿಟ್ಟು ಎದ್ದು ನಿಂತ.

“ಇಲ್ವಾ?” ಎಂದ. “ಸರಿಯಾಗಿ ನೋಡಿದ್ಯಾ? ಕೆಲವು ಪಿಚ್ಚರಲ್ಲಿ ಹೆಸರೆಲ್ಲ ಹೋದ್ಮೇಲೆ ಸ್ವಲ್ಪ ಇರುತ್ತೆ.”

“ಕಾದೆ. ಇನ್ನೊಂದ್ಸಲ ಹಾಕ್ಕೊಂಡೂ ನೋಡ್ದೆ. ಅಪ್ಪನೂ ನೋಡಿಲ್ವಂತೆ. ಬಾಗಿಲು ತೆಗೀತಿದ್ರಂತೆ.”

“ಛೇ” ಎಂದ ಭಾವ. ಸುಳ್ಳು, ಸುಳ್ಳು ಎಂದು ವರ್ಷಗಟ್ಟಲೆ ಹಂಗಿಸಿದ ಮನುಷ್ಯ, ತನ್ನದೇ ಏನೋ ಕಳೆದುಹೋದವನಂತೆ ಆ ಮುರುಕು ಬೆಂಚನ್ನು ನೋಡುತ್ತ ನಿಂತ. ಹೆಣ್ಣು ನೋಡಲು ಬಂದ ದಿನ ಮಾವ ತನಗೆ ಮೊದಲು ಹೇಳಿದ್ದೇ ಆ ಬೆಂಚಿನ ಕೊನೆಯನ್ನಂತೆ. ಹುಡುಗಿ ಒಳಗಿನಿಂದ ಬರುವುದರೊಳಗೆ ತಾನು ನಕ್ಕು ನಕ್ಕು ಒಪ್ಪಿಕೊಂಡಾಗಿತ್ತಂತೆ. ಇದನ್ನು ಅವನು ಸೈಲೆನ್ಸರ್‌ಗೆ ಹೇಳಿದನೋ ಬೆಂಚಿಗೆ ಹೇಳಿದನೋ ತಿಳಿಯಲಿಲ್ಲ.

“ಗಿರಾಕಿ ಮುಂದೆ ಅವರ ಹೆಸರು ತೆಗೀಬಾರದಿತ್ತು ನಾನು” ಎಂದ ಕೊನೆಗೆ.

“ನಾನೂ ಕೈ ಮಾಡ್ಬಾರದಿತ್ತು.”

“ಹೂಂ. ಮಾಡ್ಬಾರದಿತ್ತು.”

ಅಲ್ಲಿಗೆ ಆ ಮಾತು ಮುಗಿಯಿತು. ಸೈಲೆನ್ಸರ್ ಬೆಂಚಿನ ಮೇಲಿನ ನಟ್ಟು ಬೋಲ್ಟುಗಳನ್ನು ಬಾಚಿ ಡ್ರಾಯರಿಗೆ ಹಾಕಿದ. ಇಟ್ಟಿಗೆ ಸರಿಸಿದ. ಬೀದಿ ಮೂಲೆಯ ಬಡಗಿ ಭಾನುವಾರವೂ ಇರುತ್ತಾನೆ, ಈಗಲೇ ಕೊಟ್ಟರೆ ನಾಳೆ ಕೆಲಸಕ್ಕೆ ಸಿಗುತ್ತದೆ ಎಂದು ಯಾರಿಗೋ ಹೇಳುವಂತೆ ಹೇಳಿ ಒಂದು ತುದಿ ಎತ್ತಿದ. ಹೊಂದಿಸಿಕೊಂಡು ಎದೆಯ ಮಟ್ಟಕ್ಕೆ ತಂದ. ಇನ್ನೊಂದು ತುದಿ ಸಿಮೆಂಟು ನೆಲವನ್ನು ಕರಕರ ಕೆರೆಯಿತು.

ಭಾವ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಳ್ಳೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆ ತುದಿ ಹಿಡಿದ.

“ಆ ಗೀರು ಮಾತ್ರ ನಿಂದೇ” ಎಂದ ಎತ್ತುತ್ತ.

“ನಂದಲ್ಲ.”

“ನಿನ್ನ ಬೆಲ್ಟಿನ ಬಕಲು ತಾಗಿದ್ದು.”

“ಬರೋವಾಗ್ಲೇ ಇತ್ತು ಭಾವ.”

“ಆಯ್ತು, ಮೊದ್ಲು ಕೆಳಗೆ ನೋಡ್ಕೊಂಡು ನಡಿ.”

ಷಟರಿನ ಹತ್ತಿರ ಬಂದರು. ಭಾವ ಮೊಣಕೈಯಿಂದ ಅದನ್ನು ಮೇಲಕ್ಕೆ ಎತ್ತಿದ. ಅಡ್ಡ ಹಿಡಿದ ಬೆಂಚು ಬಾಗಿಲಿಗಿಂತ ಉದ್ದ; ಓರೆ ಮಾಡದೆ ಹೋಗುವಂಥದ್ದಲ್ಲ. ಗ್ಯಾರೇಜಿನ ಮೇಲಿದ್ದ ಭಾವನ ಮನೆಯ ಕಿಟಕಿ ತೆರೆದ ಸದ್ದಾಯಿತು, ಅಕ್ಕನ ಬಳೆಯ ಸದ್ದೂ ಕೇಳಿಸಿತು, ಸೈಲೆನ್ಸರ್ ಮೇಲೆ ನೋಡಲಿಲ್ಲ.

“ಎಡಕ್ಕೆ” ಎಂದ ಭಾವ.

ಇಬ್ಬರೂ ಎಡಕ್ಕೆ ತಿರುಗಿದರು.